ದಾವೆಗೊಬ್ಬ ತಂದೆ

ಬಸ್ಸಿನ ಡ್ರೈವರನಿಗೆ ಮ್ಯಾಜಿಸ್ಟ್ರೇಟರು ದಂಡ ಹಾಕಿದ ದಿನ, ಕೋರ್ಟಿನ ಸಹವಾಸ ಅಲ್ಲಿಗೆ ಮುಗಿಯಿತೆಂದೇ ದೇವಿರಮ್ಮ ತಿಳಿದಿದ್ದಳು. ಅವಳ ತಮ್ಮ ಮರಿಸ್ವಾಮಿ ಸತ್ತು ಆಗ ಐದು ತಿಂಗಳಾಗಿತ್ತು. ಅಚ್ಚುಕೂಟದ ಕೆಲಸ ಮುಗಿಸಿಕೊಂಡು ಸಂಜೆ ಸೈಕಲ್ಲಿನಲ್ಲಿ ಕುಂಬಾರಕೊಪ್ಪಲಿನ ಮನೆಗೆ ಬರುತ್ತಿದ್ದವನಿಗೆ, ಯಾದವಗಿರಿಯ ತಿರುವಿನಲ್ಲಿ ಎದುರಿನಿಂದ ಬಂದ ಖಾಸಗಿ ಬಸ್ಸೊಂದು ಗುದ್ದಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಗಂಜಿ ತೆಗೆದುಕೊಂಡು ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು. ಅವನಿಗೆ ಇಪ್ಪತ್ತೈದು ವರ್ಷ, ಮದುವೆಯಾಗಿರಲಿಲ್ಲ. ಇದು ಐವತ್ತೈದನೆಯ ಇಸವಿಯ ಮಾತು.

ದಂಡ ಹಾಕಿದ ಮುಂದಿನ ಭಾನುವಾರ ನಂಜಯ್ಯ ಮನೆಗೆ ಬಂದ. ನಂಜಯ್ಯ ಅದೇ ಅಚ್ಚುಕೂಟದಲ್ಲಿ ಮರಿಸ್ವಾಮಿಯ ಪಕ್ಕ ನಿಂತು ಅಚ್ಚುಮೊಳೆ ಜೋಡಿಸುತ್ತಿದ್ದವನು. ಆ ಸಂಜೆಯೂ ಅವನ ಹಿಂದೆಯೇ ಇನ್ನೊಂದು ಸೈಕಲ್ಲಿನಲ್ಲಿ ಬರುತ್ತಿದ್ದು, ಆದದ್ದನ್ನೆಲ್ಲ ಕಣ್ಣಾರೆ ಕಂಡವನು.

"ಅಕ್ಕಾವ್ರೇ, ಇನ್ನೊಂದು ಕೇಸು ಹಾಕ್ಬೇಕಂತೆ," ಎಂದ. "ಡ್ರೈವರ್ ಮೇಲೆ ಆಗಿದ್ದು ಸರ್ಕಾರದ ಕೇಸು. ನಮ್ದು ಬೇರೆ. ಬಸ್ಸಿನ ಯಜಮಾನರ ಮೇಲೆ. ಪರಿಹಾರ ಕೇಳೋದು."

"ಒಂದು ಸಾವಿಗೆ ಎರಡು ಕೇಸಾ?"

"ಅಂಗೇ ಅಂತೆ. ಸತ್ತು ವರ್ಷ ತುಂಬೋದ್ರೊಳಗೆ ಹಾಕ್ಬೇಕಂತೆ. ಲಕ್ಷ್ಮೀಪುರದಲ್ಲಿ ಶಿವರುದ್ರಪ್ಪನೋರು ಅಂತ ಲಾಯರು ಅವ್ರೆ. ಬಡವರ ಕೈಲಿ ಮುಂಚೆಗೇ ಫೀಸು ಇಸ್ಕಳಲ್ಲ. ನಾನೇ ಕರ್ಕೊಂಡು ಓಯ್ತೀನಿ."

ಪರಿಹಾರವೆಂದರೆ ದೇವಿರಮ್ಮನಿಗೆ ಗೊತ್ತಿದ್ದದ್ದು ಶನಿಕಾಟಕ್ಕೆ ಎಳ್ಳೆಣ್ಣೆ ದೀಪ ಹಚ್ಚುವುದು. ಬಸ್ಸಿನವರು ಕೊಡುವ ಪರಿಹಾರ ಯಾವ ದೋಷಕ್ಕೆ ಎಂದು ಅವಳಿಗೆ ತಿಳಿಯಲಿಲ್ಲ. ಆದರೂ ನಂಜಯ್ಯ ಇಷ್ಟು ದೂರ ಬಂದು ಹೇಳುತ್ತಿದ್ದಾನೆಂದು ಒಪ್ಪಿಕೊಂಡಳು. ಮಾರನೆಯ ದಿನ ಎರಡು ಎಮ್ಮೆಗಳನ್ನೂ ಕರೆದು, ಒಂಟಿಕೊಪ್ಪಲಿನ ಮನೆಗಳಿಗೆ ದಿನದ ವರ್ತನೆ ಹಾಲು ಹಾಕಿ, ಹಾಗೆಯೇ ಲಕ್ಷ್ಮೀಪುರದ ಕಡೆ ಹೊರಟಳು.

ಶಿವರುದ್ರಪ್ಪನವರಿಗೆ ಮನೆಯ ಮುಂದಿನ ಕೋಣೆಯೇ ಆಫೀಸು. ಐವತ್ತು ದಾಟಿದವರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ನಂಜಯ್ಯ ಹೇಳಿದ್ದನ್ನೆಲ್ಲ ಬರೆದುಕೊಂಡರು. ಬಸ್ಸು ಯಾವ ಕಡೆಯಿಂದ ಬಂತು, ರಸ್ತೆಯ ಯಾವ ಮಗ್ಗುಲಲ್ಲಿತ್ತು, ಹಾರನ್ ಮಾಡಿತೋ ಇಲ್ಲವೋ. ಆಮೇಲೆ ದೇವಿರಮ್ಮನ ಕಡೆ ತಿರುಗಿದರು.

"ಹೆಂಡತಿ ಮಕ್ಕಳು ಇರಲಿಲ್ಲ. ತಾಯಿ?"

"ಅವನು ವರ್ಷದ ಕೂಸು ಇದ್ದಾಗ್ಲೇ ಓದ್ಲು ಸ್ವಾಮಿ."

"ತಂದೆ?"

ದೇವಿರಮ್ಮ ನೆಲ ನೋಡಿದಳು. "ಇಲ್ಲ," ಎಂದಳು.

"ಅಜ್ಜ, ಅಜ್ಜಿ ಯಾರಾದರೂ?"

"ಯಾರೂ ಇಲ್ಲ. ನಾನೊಬ್ಬಳೇ."

ಶಿವರುದ್ರಪ್ಪನವರು ಪೆನ್ನು ಮುಚ್ಚಿದರು. "ಹಾಗಾದರೆ ಕಷ್ಟ ಕಣಮ್ಮ. ಹೀಗೆ ಸತ್ತವರ ಪರವಾಗಿ ಯಾರು ಪರಿಹಾರ ಕೇಳಬಹುದು ಅಂತ ಕಾನೂನು ಹೇಳಿಬಿಟ್ಟಿದೆ. ಗಂಡ, ಹೆಂಡತಿ, ಹೆತ್ತವರು, ಮಕ್ಕಳು. ಅಜ್ಜ ಅಜ್ಜಿ ಇದ್ದರೂ ಆಗುತ್ತದೆ. ಆದರೆ ಒಡಹುಟ್ಟಿದವರು ಆ ಪಟ್ಟಿಯಲ್ಲಿ ಇಲ್ಲ."

"ಸಾಕಿದೋಳು ನಾನು ಸ್ವಾಮಿ. ಹದಿನೈದು ವರ್ಷದೋಳಿದ್ದೆ ಆಗ. ಎಮ್ಮೆ ಹಾಲಿಗೆ ನೀರು ಬೆರೆಸಿ ಬತ್ತಿ ಅದ್ದಿ ಅದ್ದಿ ಕುಡಿಸಿದ್ದು ನಾನು."

"ಇಲ್ಲ ಅನ್ನುವುದಿಲ್ಲ."

"ಮತ್ತೆ ತಾಯಿ ಯಾರು ಅದಕ್ಕೆ?"

ವಕೀಲರು ಕಿಟಕಿಯ ಆಚೆ ನೋಡಿ, "ತಂದೆಯೊಬ್ಬರು ಇದ್ದಿದ್ದರೆ," ಎಂದಷ್ಟೇ ಅಂದರು. ನಂಜಯ್ಯ ತನ್ನ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚನ್ನು ಸವರುತ್ತ ಕೂತಿದ್ದ.

ದೇವಿರಮ್ಮ ಹೇಳಿದ್ದು ಸುಳ್ಳು. ಅವಳ ತಂದೆ ನಿಂಗಯ್ಯ ಬದುಕಿದ್ದ.

ಹೆಂಡತಿ ಸತ್ತ ಮೂರು ತಿಂಗಳಿಗೆ ನಿಂಗಯ್ಯ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆಂದು ಹೋಗಿದ್ದ. ಹೋದವನು ಒಂದು ಕಾಗದ ಬರೆಸಿರಲಿಲ್ಲ. ಅಲ್ಲಿ ಮಲೇರಿಯಾದಲ್ಲಿ ಕೂಲಿಯವರು ತರಗೆಲೆಗಳಂತೆ ಉದುರಿದರೆಂದು ಯಾರೋ ಹೇಳಿದ್ದರು. ಮರಿಸ್ವಾಮಿಯನ್ನು ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ತರರು ತಂದೆಯ ಹೆಸರು ಕೇಳಿದರು. ಹೇಳಿದಳು. ಇದ್ದಾರೆಯೇ ಎಂದರು. ತೀರಿಕೊಂಡರು ಎಂದಳು. ಆಗ ಅವಳು ಅದನ್ನೇ ನಂಬಿದ್ದಳು. ಅದಾಗಿ ನಾಲ್ಕು ವರ್ಷಕ್ಕೆ ಒಂದು ಮಧ್ಯಾಹ್ನ ನಿಂಗಯ್ಯ ಬಾಗಿಲಿಗೆ ಬಂದು ನಿಂತ. ಕೊಡಗಿನಲ್ಲಿ ಒಬ್ಬಳನ್ನು ಕಟ್ಟಿಕೊಂಡಿದ್ದನಂತೆ, ಅವಳ ಜೊತೆ ಮಂಡಕಳ್ಳಿಯಲ್ಲಿ ಬಂದು ಇಳಿದಿದ್ದನಂತೆ, ಮಗನನ್ನು ನೋಡಬೇಕಂತೆ. ದೇವಿರಮ್ಮ ಅರ್ಧ ಬಾಗಿಲು ಹಿಡಿದುಕೊಂಡು, "ಇಲ್ಲಿ ನಿನಗೆ ಯಾರೂ ಇಲ್ಲ," ಎಂದು ಮುಚ್ಚಿದಳು. ಹುಡುಗ ಸ್ಕೂಲಿನಿಂದ ಬಂದಾಗ ಏನನ್ನೂ ಹೇಳಲಿಲ್ಲ. ಅವತ್ತಿನಿಂದ ಅದು ಗೊತ್ತಿದ್ದೂ ಹೇಳುವ ಸುಳ್ಳಾಯಿತು. ಅವಳನ್ನು ಕೇಳಿಕೊಂಡು ಬಂದ ಎರಡು ಗಂಡುಗಳು, ಹುಡುಗನನ್ನು ಜೊತೆಗೆ ಕರೆತರುವುದಾದರೆ ಬೇಡವೆಂದು ಹೋಗಿದ್ದವು. ಸತ್ತವನ ಮಗನನ್ನು ಸಾಕುತ್ತಿದ್ದೇನೆ ಎಂದುಕೊಂಡರೆ ಮನಸ್ಸಿಗೆ ಒಂದು ಬಲವಿತ್ತು. ಬದುಕಿರುವವನ ಮಗನನ್ನು ಸಾಕುತ್ತಿದ್ದೇನೆ ಎಂದುಕೊಂಡರೆ ಆ ಬಲ ಇರುತ್ತಿರಲಿಲ್ಲವೇನೋ.

ವಕೀಲರ ಮನೆಯಿಂದ ಬಂದ ಮೇಲೆ ಹದಿನೈದು ದಿನ ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹಾಲು ಅಳೆಯುವಾಗ ಲೆಕ್ಕ ತಪ್ಪಿತು. ಒಂದು ಮನೆಗೆ ಎರಡು ಸಲ ಹೋದಳು, ಇನ್ನೊಂದು ಮನೆಯನ್ನು ಮರೆತಳು. ಸುಮ್ಮನಿದ್ದರೆ ಬಸ್ಸಿನವರು ತಮ್ಮನನ್ನು ಕೊಂದು ಒಂದು ಮಾತೂ ಕೇಳಿಸಿಕೊಳ್ಳದೆ ಪಾರಾಗುತ್ತಾರೆ. ಬಾಯಿ ಬಿಟ್ಟರೆ ಹುಟ್ಟಿಸಿ ಬಿಟ್ಟುಹೋದವನು ತಂದೆಯಾಗಿ ಕೋರ್ಟು ಹತ್ತುತ್ತಾನೆ. ಕೊನೆಗೆ ಒಂದು ದಿನ ಅಚ್ಚುಕೂಟದ ಬಾಗಿಲಿಗೆ ಹೋಗಿ ನಂಜಯ್ಯನನ್ನು ಹೊರಕ್ಕೆ ಕರೆದಳು.

"ನಮ್ಮಪ್ಪ ಬದುಕವ್ನೆ ನಂಜಯ್ಯ. ಮಂಡಕಳ್ಳಿಲಿ."

ನಂಜಯ್ಯ ಶಾಯಿ ಮೆತ್ತಿದ ಬೆರಳುಗಳನ್ನು ಒಂದು ಚಿಂದಿಯಲ್ಲಿ ಒರೆಸಿಕೊಳ್ಳುತ್ತ, "ಯಾವಾಗ ಓಗಾಣ?" ಎಂದ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಲಿಲ್ಲ. ಅದು ಅವಳಿಗೆ ಆಗ ವಿಚಿತ್ರವಾಗಿ ಕಾಣಲಿಲ್ಲ. ಕೇಳಲಿಲ್ಲವಲ್ಲ ಎಂದು ಸಮಾಧಾನವೇ ಆಯಿತು.

ಮಂಡಕಳ್ಳಿಯಲ್ಲಿ ಬಸ್ಸಿಳಿದು ಇಬ್ಬರೂ ನಡೆದರು. ನಂಜಯ್ಯ ಮುಂದೆ, ಅವಳು ಹಿಂದೆ. ಊರೊಳಗೆ ಹೋಗದೆ ಅವನು ಹೊಲದ ಅಂಚಿನ ಕಾಲುದಾರಿ ಹಿಡಿದ. ದಾರಿ ಕೇಳದೆಯೇ ನಡೆಯುತ್ತಿದ್ದಾನೆ ಎಂಬುದು ಅವಳ ತಲೆಗೆ ಹೊಳೆಯುವ ಹೊತ್ತಿಗೆ ಗುಡಿಸಲು ಎದುರಿಗೇ ಇತ್ತು. ಅದರ ಮುಂದೆ ಒಬ್ಬ ಮುದುಕ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ತೆಳ್ಳಗೆ, ಕಪ್ಪಗೆ ಇದ್ದ. ಮೈಮೇಲೆ ನೀಲಿ ಗೀರಿನ ಅಂಗಿ. ಅದರ ಎರಡನೆಯ ಗುಂಡಿಯನ್ನು ಕರಿ ದಾರದಲ್ಲಿ ಹೊಲಿದಿತ್ತು.

ಆ ಗುಂಡಿ ಹೊಲಿದವಳು ದೇವಿರಮ್ಮ. ಬಿಳಿ ದಾರ ಸಿಗದೆ ಹೊಲಿದಿದ್ದಳು. ಅಂಗಿ ಎಲ್ಲಿ ಎಂದು ಕೇಳಿದಾಗ ಮರಿಸ್ವಾಮಿ, ಅಚ್ಚುಕೂಟದಲ್ಲಿ ಮಸಿ ಒರೆಸುವುದಕ್ಕೆ ಕೊಟ್ಟೆ ಅಂದಿದ್ದ.

"ಈ ಅಂಗಿ ನಿನಗೆ ಯಾರು ಕೊಟ್ಟೋರು?" ಎಂದಳು. ಹದಿನಾರು ವರ್ಷದ ಮೇಲೆ ತಂದೆಯೊಡನೆ ಆಡಿದ ಮೊದಲ ಮಾತು ಅದು.

ನಿಂಗಯ್ಯ ಎದ್ದು ನಿಂತ. ಅವಳನ್ನು ನೋಡಿದ, ನಂಜಯ್ಯನನ್ನು ನೋಡಿದ. "ಮರೀನೇ ಕೊಟ್ಟಿದ್ದು ಕಣವ್ವ," ಎಂದ.

ಮೂರು ವರ್ಷದಿಂದ ಬರುತ್ತಿದ್ದನಂತೆ. ಮೊದಲ ಸಲ ಸೈಕಲ್ಲನ್ನು ಬೇಲಿಗೆ ಒರಗಿಸಿ, ನೀವು ನಿಂಗಯ್ಯನವರಾ ಎಂದು ಕೇಳಿದನಂತೆ. ಹೌದೆಂದದ್ದಕ್ಕೆ, ನಾನು ಮರಿಸ್ವಾಮಿ ಎಂದನಂತೆ. ಆಮೇಲೆ ತಿಂಗಳಿಗೊಂದು ಭಾನುವಾರ ತಪ್ಪಿಸಿದ್ದಿಲ್ಲ. ರಾಗಿ ತರುತ್ತಿದ್ದ, ಕೈಖರ್ಚಿಗೆ ಒಂದಿಷ್ಟು ಕೊಡುತ್ತಿದ್ದ, ಕೂತು ಪೇಪರ್ ಓದಿ ಹೇಳುತ್ತಿದ್ದ. ಕೊಡಗಿನವಳು ಸತ್ತಾಗ ಮಣ್ಣು ಮಾಡುವುದಕ್ಕೂ ಬಂದಿದ್ದ. ಎರಡು ಮೂರು ಸಲ ಜೊತೆಗೆ ನಂಜಯ್ಯನೂ ಬಂದಿದ್ದ. ಸಾವಿನ ಸುದ್ದಿ ತಂದವನೂ ನಂಜಯ್ಯನೇ. ನಿಂಗಯ್ಯ ಅವತ್ತು ನಡೆದುಕೊಂಡೇ ಬಂದು, ಎಲ್ಲರೂ ಹೋದ ಮೇಲೆ ಸಮಾಧಿಯ ಮೇಲಿನ ಹಸಿ ಮಣ್ಣು ನೋಡಿಕೊಂಡು ವಾಪಸು ಹೋಗಿದ್ದ.

"ನೀನು ಇಲ್ಲಿದ್ದೀಯ ಅಂತ ಅವನಿಗೆ ಯಾರು ಯೋಳಿದ್ರು?"

"ನಾನು ಕೇಳ್ನಿಲ್ಲ, ಅವನೂ ಯೋಳ್ನಿಲ್ಲ."

"ನನ್ನ ವಿಚಾರ ಏನಂತಿದ್ದ?"

ನಿಂಗಯ್ಯ ಕೈಗಂಟಿದ್ದ ನಾರನ್ನು ಕೊಡವಿಕೊಂಡ. "ಅಕ್ಕಂಗೆ ಗೊತ್ತಾದ್ರೆ ನೊಂದ್ಕತಾಳೆ ಅಂದ ಒಂದ್ಸಲ. ಅಷ್ಟೇಯ."

ದೇವಿರಮ್ಮ ನಂಜಯ್ಯನ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತು."

"ಆಣೆ ಇಸ್ಕೊಂಡಿದ್ದ ಅಕ್ಕಾವ್ರೇ. ಲಾಯರ ಮನೇಲಿ ನೀವು ಇಲ್ಲ ಅಂದ್ರಿ. ಗೊತ್ತಿದ್ದೂ ಇಲ್ಲ ಅಂದ್ರೋ, ಗೊತ್ತಿಲ್ದೆ ಅಂದ್ರೋ, ನನಗೆ ತಿಳೀನಿಲ್ಲ."

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತಮ್ಮನ ಮೇಲೆ ಸಿಟ್ಟಾಗೋಣವೆಂದರೆ ಅವನು ಮಣ್ಣಿನಲ್ಲಿದ್ದ. ಹದಿನೈದು ವರ್ಷ ತಾನು ಅವನಿಂದ ಮುಚ್ಚಿಟ್ಟದ್ದನ್ನು ಅವನು ಮೂರು ವರ್ಷ ತನ್ನಿಂದ ಮುಚ್ಚಿಟ್ಟ. ಅದಕ್ಕೆ ಜಗಳ ಮಾಡುವ ಹಾಗೂ ಇರಲಿಲ್ಲ. ಬಂದ ಕೆಲಸವನ್ನು ನಂಜಯ್ಯನೇ ಮುದುಕನಿಗೆ ಬಿಡಿಸಿ ಹೇಳಿದ. ನಿಂಗಯ್ಯ ಪೂರ್ತಿ ಕೇಳಿ, "ನೀನು ಬಾ ಅಂದ್ರೆ ಬತ್ತೀನಿ, ಬ್ಯಾಡ ಅಂದ್ರೆ ಇಲ್ಲ," ಎಂದು ಮಗಳ ಕಡೆ ನೋಡಿದ.

"ಲಾಯರು ಕರೀತಾವ್ರೆ," ಎಂದಳು ದೇವಿರಮ್ಮ. ತಾನು ಕರೆಯುತ್ತಿದ್ದೇನೆ ಎನ್ನುವುದಕ್ಕೆ ಬಾಯಿ ಬರಲಿಲ್ಲ.

ಶಿವರುದ್ರಪ್ಪನವರಿಗೆ ವಿಷಯ ತಿಳಿದಾಗ ಅವರ ಮುಖ ಅರಳಿತು. ಸುಳ್ಳು ಹೇಳಿದ್ದಕ್ಕೆ ಒಂದು ಮಾತೂ ಬೈಯಲಿಲ್ಲ. ಮಗ ತಿಂಗಳು ತಿಂಗಳೂ ಕೊಡುತ್ತಿದ್ದನೆಂದು ಕೇಳಿ ಮೇಜಿನ ಮೇಲೆ ಕೈ ತಟ್ಟಿದರು. "ಇದೇ ಬೇಕಾಗಿದ್ದದ್ದು. ಬರೀ ತಂದೆ ಅಂದರೆ ಸಾಲದು, ಮಗನಿಂದ ಅವರಿಗೆ ಸಹಾಯ ಇತ್ತು ಅಂತ ತೋರಿಸಬೇಕು," ಎಂದರು. ಯಾವ ಸಂಗತಿ ಅವಳ ಎದೆಗೆ ಕಲ್ಲಿನಂತೆ ಬಿದ್ದಿತ್ತೋ ಅದರಿಂದಲೇ ಅವರಿಗೆ ಹೀಗೆ ಸಂತೋಷವಾಗುವುದನ್ನು ದೇವಿರಮ್ಮ ನೋಡುತ್ತ ಕೂತಳು.

ದಾವೆಯ ಕಾಗದವನ್ನು ಅವರು ಕನ್ನಡದಲ್ಲಿ ಹೇಳಿ ತಿಳಿಸಿದರು. ವಾದಿ, ಮಂಡಕಳ್ಳಿಯ ನಿಂಗಯ್ಯ. ಪ್ರತಿವಾದಿ, ಬಸ್ಸಿನ ಯಜಮಾನ. ನಿಂಗಯ್ಯ ಹೆಬ್ಬೆಟ್ಟು ಒತ್ತಿದ.

"ನಂದು?" ಎಂದು ಕೇಳಿದಳು ದೇವಿರಮ್ಮ.

"ನೀವು ಸಾಕ್ಷಿ. ನಿಮ್ಮ ಹೆಸರು ಆಮೇಲೆ ಬರುತ್ತದೆ."

ವರ್ಷ ತುಂಬುವುದಕ್ಕೆ ಹನ್ನೊಂದು ದಿನ ಇರುವಾಗ ದಾವೆ ದಾಖಲಾಯಿತು. ಅದು ವಿಚಾರಣೆಗೆ ಬರುವ ಹೊತ್ತಿಗೆ ಇನ್ನೂ ಒಂದೂವರೆ ವರ್ಷ ಕಳೆಯಿತು. ಅಷ್ಟರಲ್ಲಿ ಎಷ್ಟು ಸಲ ಆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಳೋ. ಒಂದು ದಿನ ಸಾಹೇಬರು ರಜ, ಒಂದು ದಿನ ಬಸ್ಸಿನವರ ವಕೀಲರಿಗೆ ಜ್ವರ. ಪ್ರತಿ ವಾಯಿದೆಗೂ ನಿಂಗಯ್ಯ ಬರುತ್ತಿದ್ದ. ಹೊರಗಿನ ಮರದ ಕೆಳಗೆ ಅವನು ಒಂದು ಕಡೆ, ಅವಳು ಇನ್ನೊಂದು ಕಡೆ, ಮಧ್ಯೆ ನಂಜಯ್ಯ, ಹೀಗೆ ಕೂರುತ್ತಿದ್ದರು. ನಂಜಯ್ಯನಿಗೆ ಬಿಡುವಿಲ್ಲದ ದಿನ ಮಧ್ಯದ ಜಾಗ ಖಾಲಿ ಇರುತ್ತಿತ್ತು.

ಕೊನೆಗೆ ಅವಳ ಸರದಿ ಬಂತು. ಬಸ್ಸಿನವರ ವಕೀಲರು ಸಣ್ಣ ದನಿಯ ಮನುಷ್ಯ, ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಕೈಯಲ್ಲಿ ಸ್ಕೂಲಿನ ರಿಜಿಸ್ಟರಿನ ನಕಲು ಇತ್ತು.

"ಇಲ್ಲಿ ತಂದೆ ದಿವಂಗತ ಅಂತ ಬರೆದಿದೆ. ಬರೆಸಿದವರು ಯಾರು?"

"ನಾನೇ."

"ಈಗ ಇಲ್ಲಿ ನಿಂತಿರುವವರನ್ನು ತಂದೆ ಅನ್ನುತ್ತಿದ್ದೀರಿ. ಎರಡರಲ್ಲಿ ಯಾವುದು ಸುಳ್ಳು?"

"ಆಗ ಯೋಳಿದ್ದು. ಸುಳ್ಳು ಅಂತ ಆಗ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ತಿದ್ದುಸ್ಲಿಲ್ಲ."

"ನಿಮ್ಮ ತಮ್ಮನಿಗೂ ತಂದೆ ಸತ್ತಿದ್ದಾರೆ ಅಂತಲೇ ಹೇಳಿದ್ದಿರಿ."

"ಊಂ."

"ಅವನು ನಂಬಿದ್ದನೇ?"

ದೇವಿರಮ್ಮ ಕಟಕಟೆಯ ಮರವನ್ನು ಹಿಡಿದುಕೊಂಡಳು. ತಮ್ಮ ತನ್ನ ಮಾತನ್ನು ಎಷ್ಟು ದಿನ ನಂಬಿದ್ದ, ಯಾವ ದಿನ ನಂಬುವುದನ್ನು ಬಿಟ್ಟ, ಆ ದಿನ ಮನೆಗೆ ಬಂದು ತನ್ನ ಕೈಯಿಂದ ಊಟ ಹಾಕಿಸಿಕೊಂಡಾಗ ಅವನ ಮುಖ ಹೇಗಿತ್ತು, ಇವು ಯಾವುವೂ ಅವಳಿಗೆ ಗೊತ್ತಿರಲಿಲ್ಲ. "ತಿಳೀದು ಸ್ವಾಮಿ," ಎಂದಳು.

ಪರಿಹಾರದ ಆಸೆಗೆ ಯಾರೋ ಮುದುಕನನ್ನು ತಂದು ತಂದೆಯೆಂದು ನಿಲ್ಲಿಸಿದ್ದಾರೆಂದು ವಕೀಲರು ವಾದಿಸಿದರು. ಆಗ ಶಿವರುದ್ರಪ್ಪನವರು ಒಂದು ಕಾಗದ ಹಾಜರು ಮಾಡಿದರು. ಮುದ್ರಣ ಕೆಲಸಗಾರರ ಸಹಕಾರ ಸಂಘಕ್ಕೆ ಸದಸ್ಯನಾಗಲು ಮರಿಸ್ವಾಮಿ ತಾನೇ ಬರೆದುಕೊಟ್ಟಿದ್ದ ಅರ್ಜಿ ಅದು. ಸಂಘದ ಕಡತದಿಂದ ನಂಜಯ್ಯ ಹುಡುಕಿಸಿದ್ದ. ಬರಹ ತಮ್ಮನದೇ ಎಂದು ಹೇಳಲು ಅದನ್ನು ದೇವಿರಮ್ಮನ ಕೈಗೆ ಕೊಟ್ಟರು. ಅವಳಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಅದನ್ನು ಕಲಿಸಿದವನೂ ಅವನೇ. ತಂದೆಯ ಹೆಸರು ನಿಂಗಯ್ಯ, ಮಂಡಕಳ್ಳಿ. ಕೆಳಗೆ, ಅವಲಂಬಿತರು ಎಂಬಲ್ಲಿ ಎರಡು ಸಾಲು. ಒಂದು, ಅಕ್ಕ ದೇವಿರಮ್ಮ. ಎರಡು, ತಂದೆ.

"ಅವನದೇ ಬರಹ," ಎಂದಳು.

ಮುದುಕ ತಂದೆಯಲ್ಲ ಎಂಬ ವಾದ ಅಲ್ಲಿಗೆ ನಿಂತುಹೋಯಿತು. ಆದರೆ ಬಸ್ಸಿನವರ ವಕೀಲರು ಅದೇ ಕಾಗದವನ್ನು ಇಸಿದುಕೊಂಡು ಮತ್ತೊಂದು ದಾರಿ ಹಿಡಿದರು. ಸತ್ತವನೇ ಅಕ್ಕನ ಹೆಸರನ್ನು ಮೊದಲು ಬರೆದಿದ್ದಾನೆ, ಅವನ ದುಡಿಮೆಯೆಲ್ಲ ಅವಳ ಮನೆಗೆ ಹೋಗುತ್ತಿತ್ತು, ತಂದೆಗೆ ಆದ ನಷ್ಟ ಬಹಳ ಸ್ವಲ್ಪ ಎಂದರು. ಆಗ ಶಿವರುದ್ರಪ್ಪನವರು ಎದ್ದು ಅದಕ್ಕೆ ವಿರುದ್ಧವಾಗಿ ಮಾತಾಡಿದರು. ಈಕೆ ಎಮ್ಮೆ ಕಟ್ಟಿ ಹಾಲು ಮಾರಿ ತನ್ನ ಜೀವನ ತಾನೇ ನೋಡಿಕೊಳ್ಳುವವಳು, ತಮ್ಮನ ಹಂಗಿನಲ್ಲಿ ಇರಲಿಲ್ಲ ಎಂದರು. ನಿಜ ತಾನೇ ಎಂದು ಅವಳನ್ನೇ ಕೇಳಿದರು.

ದೇವಿರಮ್ಮನಿಗೆ ದಿಕ್ಕು ತೋಚಲಿಲ್ಲ. ತಮ್ಮನಿಗೆ ನೀನೇ ಮೊದಲು ಎನ್ನುತ್ತಿದ್ದವರು ಎದುರು ಪಕ್ಷದವರು. ನೀನು ಅವನಿಗೆ ಏನೂ ಅಲ್ಲ ಎನ್ನುತ್ತಿದ್ದವರು ತನ್ನ ಕಡೆಯವರು.

"ಹಾಲಿಂದ ನಡೀತಿತ್ತು ಸ್ವಾಮಿ," ಎಂದಳು. "ಅವನಿಂದಲೂ ನಡೀತಿತ್ತು."

ಶಿವರುದ್ರಪ್ಪನವರು ಕೂತುಕೊಂಡರು. ಹೊರಗೆ ಬಂದ ಮೇಲೆ, "ನೀವು ಹಾಲಿನ ಮಾತಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು," ಎಂದರು. ಆಮೇಲೆ ಅವಳ ಮುಖ ನೋಡಿ, "ಇರಲಿ ಬಿಡಿ. ನಿಜ ಅದೇ ಅಲ್ಲವೇ," ಎಂದರು.

ಐವತ್ತೇಳರ ಕಾರ್ತೀಕದಲ್ಲಿ ತೀರ್ಪಾಯಿತು. ಇಂಗ್ಲಿಷಿನಲ್ಲಿದ್ದ ಹದಿನಾಲ್ಕು ಹಾಳೆಗಳನ್ನು ಶಿವರುದ್ರಪ್ಪನವರು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದರು. ತಪ್ಪು ಬಸ್ಸಿನದೇ. ತಂದೆಗೆ ಪರಿಹಾರ ಕೊಡಬೇಕು, ಕೇಳಿದಷ್ಟಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಕ್ಕನ ವಿಚಾರವಾಗಿಯೂ ನ್ಯಾಯಾಧೀಶರು ಒಂದು ಸಾಲು ಬರೆದಿದ್ದರು. ಸತ್ತವನನ್ನು ಸಾಕಿದವಳು ಈಕೆ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಈ ಕಾನೂನಿನ ಕೆಳಗೆ ಈಕೆಯ ನಷ್ಟವನ್ನು ಎಣಿಸುವಂತಿಲ್ಲ ಎಂದು.

"ಇನ್ನೊಂದ್ಸಲ ಯೋಳಿ," ಎಂದಳು ದೇವಿರಮ್ಮ. ಅವರು ಮತ್ತೆ ಹೇಳಿದರು. ಅದು ತನ್ನನ್ನು ಒಪ್ಪಿಕೊಂಡದ್ದೋ, ಹೊರಗೆ ಹಾಕಿದ್ದೋ, ಎರಡನೆಯ ಸಲ ಕೇಳಿದಾಗಲೂ ಅವಳಿಗೆ ಗೊತ್ತಾಗಲಿಲ್ಲ.

ದುಡ್ಡು ಬಂದ ದಿನ ನಿಂಗಯ್ಯ ರಸೀದಿಗೆ ಹೆಬ್ಬೆಟ್ಟು ಒತ್ತಿ, ನೋಟಿನ ಕಟ್ಟನ್ನು ಮುಟ್ಟದೆ, "ಅವಳಿಗೆ ಕೊಡಿ ಬುದ್ಧಿ," ಎಂದ.

"ನಿಮಗೆ ಬಂದದ್ದು. ನೀವು ಯಾರಿಗೆ ಕೊಟ್ಟರೂ ಕೋರ್ಟು ಕೇಳುವುದಿಲ್ಲ," ಎಂದು ಶಿವರುದ್ರಪ್ಪನವರು ಅವಳ ಕಡೆ ನೋಡಿದರು.

ದೇವಿರಮ್ಮ ಕೈ ಚಾಚಲಿಲ್ಲ. ಬೇಡವೆಂದರೆ ತಮ್ಮನ ಹೆಸರಿನಲ್ಲಿ ಇಷ್ಟು ವರ್ಷ ಅಲೆದದ್ದಕ್ಕೆ ಅರ್ಥವಿರಲಿಲ್ಲ. ತೆಗೆದುಕೊಂಡರೆ, ತಂದೆ ಕೊಟ್ಟದ್ದಾಗುತ್ತಿತ್ತು. "ನಂಗೆ ಬ್ಯಾಡ ಅನ್ನಕೂ ಬರ್ತಿಲ್ಲ, ಬೇಕು ಅನ್ನಕೂ ಬರ್ತಿಲ್ಲ," ಎಂದಳು. ವಕೀಲರು ಸ್ವಲ್ಪ ಯೋಚಿಸಿ, ತಮ್ಮ ಫೀಸು ಮುರಿದುಕೊಂಡು, ಉಳಿದದ್ದನ್ನು ಇಬ್ಬರ ಹೆಸರಿನಲ್ಲೂ ಪೋಸ್ಟಾಫೀಸಿನಲ್ಲಿ ಇಡುವುದೆಂದು ಹೇಳಿದರು. ಇಬ್ಬರೂ ಬಂದರೆ ಮಾತ್ರ ತೆಗೆಯಬಹುದು. ಅದಕ್ಕೆ ಇಬ್ಬರೂ ಆಗಲಿ ಎಂದರು.

ಪೋಸ್ಟಾಫೀಸಿನ ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಂಜಯ್ಯ ಅಚ್ಚುಕೂಟಕ್ಕೆ ಹೋದ. ಮುದುಕನಿಗೆ ಕಣ್ಣು ಮಂಜಾಗಿದೆಯೆಂದು ದೇವಿರಮ್ಮ ಬಸ್ಸು ಹತ್ತಿಸುವುದಕ್ಕೆ ಜೊತೆಗೆ ನಡೆದಳು. ಬಸ್ಸು ಬಂದು ಜನ ಹತ್ತುತ್ತಿರುವಾಗ ನಿಂಗಯ್ಯ, ಅವಳ ಕಡೆ ನೋಡದೆಯೇ ಕೇಳಿದ.

"ಮರಿ ಹೆಸರಲ್ಲಿ ಎಡೆ ಇಡ್ತೀಯಲ್ಲ, ವರ್ಷ ವರ್ಷ. ಈ ಸಲ ನಾನೂ ಬರ್ಲಾ?"

ಮೂರನೆಯ ವರ್ಷದ ಎಡೆಗೆ ಇನ್ನು ಎರಡೂವರೆ ತಿಂಗಳಿತ್ತು. ಎಡೆಯ ಮುಂದೆ ಮೊದಲು ಕೂರಬೇಕಾದವರು ಯಾರು, ತಾನೋ ಇವನೋ, ಕೊಪ್ಪಲಿನ ಜನ ಯಾರಿವನು ಎಂದು ಕೇಳಿದರೆ ಏನನ್ನಬೇಕು, ಇವನು ಬಂದರೆ ಮರಿಸ್ವಾಮಿಗೆ ಸಂತೋಷವೋ ಮುಜುಗರವೋ. ಕೋರ್ಟಿನಲ್ಲಿ ಇವನೇ ನನ್ನ ತಂದೆ ಎಂದು ಆಣೆ ಮಾಡಿ ಹೇಳಿದವಳಿಗೆ ಈಗ ಇಲ್ಲಿ, ಬಸ್ಸಿನ ಬಾಗಿಲಲ್ಲಿ, ಒಂದೂ ನಿಶ್ಚಯವಾಗಲಿಲ್ಲ.

"ಬಾ," ಎಂದಳು. "ಎಲ್ಲಿ ಕೂರಿಸ್ಬೇಕೋ ನಂಗೆ ಗೊತ್ತಿಲ್ಲ. ಬಂದ್ಮೇಲೆ ನೋಡಾಣ."

ನಿಂಗಯ್ಯ ತಲೆಯಾಡಿಸಿ ಮೆಟ್ಟಿಲು ಹತ್ತಿದ. ಕಂಡಕ್ಟರು ಅವನ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡ. ದೇವಿರಮ್ಮ ಸೆರಗು ಸುತ್ತಿಕೊಂಡು, ಸಂಜೆಯ ಹಾಲು ಕರೆಯುವ ಹೊತ್ತಾಯಿತೆಂದು ಕುಂಬಾರಕೊಪ್ಪಲಿನ ದಾರಿ ಹಿಡಿದಳು.